ಯಾಚಿಸದ ಸ್ತುತಿ: ಸಮಂತಭದ್ರರ ಸ್ತೋತ್ರಗಳು ಮತ್ತು ಯೆಹೂದಿ ದಾರ್ಶನಿಕರ ಪ್ರಾರ್ಥನೆಗಳು

ಜಿನಸ್ತುತಿಯು ಶ್ರಾವಕನ ನಿತ್ಯಕರ್ಮಗಳಲ್ಲೊಂದು. ಷಡಾವಶ್ಯಕಗಳನ್ನು ಎಣಿಸುವಾಗ ಪೂರ್ವಾಚಾರ್ಯರು ಸಾಮಾಯಿಕದ ಬೆನ್ನಿಗೇ ಚತುರ್ವಿಂಶತಿಸ್ತವವನ್ನು ಹೇಳಿದ್ದಾರೆ. ಆದರೆ ಸ್ತುತಿಯ ವಿಷಯದಲ್ಲಿ ನಮ್ಮ ಸಿದ್ಧಾಂತವು ಒಂದು ದೊಡ್ಡ ಕಷ್ಟವನ್ನು ನಮ್ಮ ಮುಂದಿಡುತ್ತದೆ. ಜಿನನು ವೀತರಾಗನು, ಹೊಗಳಿದವನಿಗೆ ಒಲಿಯುವುದಿಲ್ಲ, ತೆಗಳಿದವನಿಗೆ ಮುನಿಯುವುದಿಲ್ಲ. ಲೋಕವನ್ನು ಸೃಷ್ಟಿಸಿದವನೂ ಅಲ್ಲ, ನಮ್ಮ ಕರ್ಮಫಲವನ್ನು ತಿದ್ದುವವನೂ ಅಲ್ಲ. ಹಾಗಾದರೆ ಬಸದಿಯಲ್ಲಿ ಅವನ ಮುಂದೆ ಕೈಮುಗಿದು ನಾವು ಆಡುವ ಮಾತು ಯಾರಿಗಾಗಿ? ದಶಲಕ್ಷಣ ಪರ್ವದ ಉಪನ್ಯಾಸಗಳಲ್ಲಿ ಕಾಲೇಜು ಓದುವ ಹುಡುಗರು ಈ ಪ್ರಶ್ನೆಯನ್ನು ಕೇಳುತ್ತಾರೆ. ಹಿರಿಯರು ಮಾಡಿಕೊಂಡು ಬಂದಿದ್ದಾರೆ, ನಾವೂ ಮಾಡುತ್ತೇವೆ ಎಂಬ ಉತ್ತರದಿಂದ ಅವರಿಗೆ ಸಮಾಧಾನವಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ.

ಈ ಪ್ರಶ್ನೆ ನನ್ನನ್ನು ಕಾಡಿದ್ದು ಗ್ರಂಥಗಳಿಂದಲ್ಲ, ಅಂಗಡಿಯಿಂದ. ಸುಮಾರು ಮೂವತ್ತು ವರ್ಷಗಳ ಹಿಂದೆ ಕೊಬ್ಬರಿ ವ್ಯವಹಾರದಲ್ಲಿ ನನಗೆ ಬರಬೇಕಾಗಿದ್ದ ಹಣವೊಂದು ನಿಂತುಹೋಯಿತು. ವ್ಯಾಜ್ಯವು ನ್ಯಾಯಾಲಯಕ್ಕೆ ಹೋಯಿತು. ಹಿತೈಷಿಗಳ ಮಾತಿನಂತೆ ನಾನು ಭಕ್ತಾಮರ ಸ್ತೋತ್ರವನ್ನು 48 ದಿನ ಪಠಿಸುವ ಸಂಕಲ್ಪ ಮಾಡಿದೆನು. ನಮ್ಮ ಪರಂಪರೆಯ ಪಾಠದಲ್ಲಿ ಪದ್ಯಗಳು 48, ಆದುದರಿಂದ ದಿನಗಳೂ 48. ವ್ಯಾಜ್ಯವು ರಾಜಿಯಲ್ಲಿ ಮುಗಿದು ಅರ್ಧ ಹಣ ಕೈಸೇರಿತು. ಇದು ಸ್ತೋತ್ರದ ಫಲವೆಂದು ನಾನು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆನು. ಒಂದೆರಡು ತಿಂಗಳ ನಂತರ ಒಂದು ಮದುವೆಯ ಪಂಕ್ತಿಯಲ್ಲಿ ತಿಳಿದದ್ದೇನೆಂದರೆ, ಹಣ ಕೊಡಬೇಕಾಗಿದ್ದ ಗೃಹಸ್ಥರೂ ಅದೇ ಸ್ತೋತ್ರವನ್ನು ಅಷ್ಟೇ ದಿನ ಪಠಿಸಿದ್ದರು; ಅರ್ಧ ಹಣ ಉಳಿದದ್ದು ಸ್ತೋತ್ರದ ಫಲವೆಂದು ಅವರೂ ಹೇಳಿಕೊಳ್ಳುತ್ತಿದ್ದರು. ಆ ದಿನ ನಗು ಬಂದಿತು. ಆಮೇಲೆ ನಾಚಿಕೆಯಾಯಿತು. ಆದಿನಾಥ ತೀರ್ಥಂಕರರನ್ನು ನಾವಿಬ್ಬರೂ ನಮ್ಮ ನಮ್ಮ ಕಡೆಯ ವಕೀಲರನ್ನಾಗಿ ಮಾಡಿಕೊಂಡಿದ್ದೆವು.

ಆ ನಾಚಿಕೆಯೇ ನನ್ನನ್ನು ಸಮಂತಭದ್ರಾಚಾರ್ಯರ ಸ್ತೋತ್ರಗಳ ಕಡೆಗೆ ಕಳುಹಿಸಿತು. ವಾಣಿಜ್ಯಶಾಸ್ತ್ರದ ಪದವಿಯಷ್ಟೇ ಪಡೆದ ನನ್ನಂಥವನಿಗೆ ಸಂಸ್ಕೃತದ ಗಂಟು ಬಿಡಿಸುವುದು ಸುಲಭವಾಗಿರಲಿಲ್ಲ. ಆದರೂ ವರ್ಷಗಟ್ಟಲೆ ಓದಿದ ಮೇಲೆ ಒಂದು ಮಾತನ್ನು ಧೈರ್ಯದಿಂದ ಹೇಳಬಲ್ಲೆ. ಪ್ರಾರ್ಥನೆಯಿಂದ ಯಾಚನೆಯನ್ನು ಕಳೆದರೆ ಏನು ಉಳಿಯುತ್ತದೆ ಎಂಬ ಪ್ರಶ್ನೆಯನ್ನು ಸ್ತೋತ್ರದ ಒಳಗಿನಿಂದಲೇ ಕೇಳಿ, ಸ್ತೋತ್ರದ ಒಳಗೇ ಉತ್ತರಿಸಿದವರಲ್ಲಿ ಸಮಂತಭದ್ರರು ಅಗ್ರಗಣ್ಯರು.

ಅಕಲಂಕರಿಗಿಂತ ಪೂರ್ವದವರಾದ ಈ ಆಚಾರ್ಯರ ಹೆಸರಿನಲ್ಲಿ ನಮಗೆ ದೊರೆತಿರುವ ಐದು ಮುಖ್ಯ ಕೃತಿಗಳಲ್ಲಿ ರತ್ನಕರಂಡಕ ಶ್ರಾವಕಾಚಾರವೊಂದನ್ನು ಬಿಟ್ಟರೆ ಉಳಿದ ನಾಲ್ಕೂ ಸ್ತುತಿಗಳೇ: ಆಪ್ತಮೀಮಾಂಸೆ, ಯುಕ್ತ್ಯನುಶಾಸನ, ಸ್ವಯಂಭೂಸ್ತೋತ್ರ ಮತ್ತು ಸ್ತುತಿವಿದ್ಯೆ. ಆಪ್ತಮೀಮಾಂಸೆಗೆ ಅದರ ಮೊದಲ ಪದದಿಂದ ದೇವಾಗಮಸ್ತೋತ್ರವೆಂದೂ ಹೆಸರುಂಟು. ಅದರಲ್ಲಿ ಪದ್ಯಗಳು 114. ಅದರ ಮೇಲೆ ಅಕಲಂಕರು ಅಷ್ಟಶತಿಯನ್ನು ಬರೆದರು. ಅದನ್ನೂ ಒಳಗೊಂಡು ವಿದ್ಯಾನಂದರು ಅಷ್ಟಸಹಸ್ರಿಯನ್ನು ರಚಿಸಿದರು. ಜೈನ ನ್ಯಾಯಶಾಸ್ತ್ರದ ಒಂದು ಮಹಾಸೌಧವೇ ಈ ಪುಟ್ಟ ಸ್ತೋತ್ರದ ಅಡಿಪಾಯದ ಮೇಲೆ ನಿಂತಿದೆ.

ಆ ಸ್ತೋತ್ರದ ಆರಂಭವನ್ನು ನೋಡಿರಿ. ದೇವತೆಗಳು ಬಂದು ಸೇವಿಸುವುದು, ಆಕಾಶಗಮನ, ಚಾಮರಾದಿ ವೈಭವ ಇವೆಲ್ಲ ಮಾಯಾವಿಗಳಲ್ಲಿಯೂ ಕಾಣಬರುತ್ತವೆ. ಇಷ್ಟರಿಂದಲೇ ನೀನು ನಮಗೆ ಮಹಾನ್ ಅಲ್ಲ ಎಂಬುದು ಮೊದಲ ಪದ್ಯದ ತಾತ್ಪರ್ಯ. ಭಕ್ತನು ಭಗವಂತನ ಮುಂದೆ ನಿಂತು ಆಡುವ ಮೊದಲ ಮಾತು ಇದು! ಮುಂದೆ ಆಚಾರ್ಯರು ದೇಹದ ಅತಿಶಯವನ್ನೂ ಪ್ರಮಾಣವೆಂದು ಒಪ್ಪುವುದಿಲ್ಲ, ತೀರ್ಥಪ್ರವರ್ತಕನೆಂಬ ಕೀರ್ತಿಯನ್ನೂ ಒಪ್ಪುವುದಿಲ್ಲ. ಕೊನೆಗೆ ಅವರು ಒಪ್ಪುವುದು ನಿರ್ದೋಷತ್ವವನ್ನು. ಅದಕ್ಕೆ ಸಾಕ್ಷಿಯಾಗಿ ಯುಕ್ತಿಗೂ ಶಾಸ್ತ್ರಕ್ಕೂ ವಿರೋಧವಿಲ್ಲದ ವಚನವನ್ನು. ತೂಕ ಮಾಡದೆ ಸರಕು ಕೊಳ್ಳದ ವ್ಯಾಪಾರಿಯಂತೆ ಅವರು ಪರೀಕ್ಷಿಸದೆ ನಮಸ್ಕರಿಸುವುದಿಲ್ಲ. ಇಲ್ಲಿ ಪರೀಕ್ಷೆಯು ಭಕ್ತಿಗೆ ವಿರೋಧಿಯಲ್ಲ. ಅದು ಭಕ್ತಿಯ ಮೊದಲ ಮೆಟ್ಟಿಲು.

ಸ್ವಯಂಭೂಸ್ತೋತ್ರವು 143 ಪದ್ಯಗಳಲ್ಲಿ ಇಪ್ಪತ್ತನಾಲ್ಕು ತೀರ್ಥಂಕರರನ್ನು ಸ್ತುತಿಸುತ್ತದೆ. ನಮ್ಮ ಪ್ರಶ್ನೆಗೆ ಅದರ ಮೂರು ಸ್ಥಳಗಳು ಮುಖ್ಯವಾದವು. ಅರನಾಥರ ಸ್ತವನದಲ್ಲಿ ಆಚಾರ್ಯರು ಸ್ತುತಿಯ ಲಕ್ಷಣವನ್ನೇ ವಿಚಾರಿಸುತ್ತಾರೆ. ಇರುವ ಅಲ್ಪಗುಣವನ್ನು ಮೀರಿ ಬಹಳವೆಂದು ಹೇಳುವುದಕ್ಕೆ ಲೋಕದಲ್ಲಿ ಸ್ತುತಿಯೆಂದು ಹೆಸರು. ನಿನ್ನ ಗುಣಗಳಾದರೋ ಅನಂತವಾದುದರಿಂದ ಇದ್ದಷ್ಟನ್ನೂ ಹೇಳಲಾಗದು. ಹಾಗಾದರೆ ನಿನ್ನ ಸ್ತುತಿ ಹೇಗೆ ಸಾಧ್ಯ ಎಂದು ಕೇಳುತ್ತಾರೆ. ವಾಸುಪೂಜ್ಯರ ಸ್ತವನದಲ್ಲಿ, ವೀತರಾಗನಿಗೆ ಪೂಜೆಯಿಂದ ಪ್ರಯೋಜನವಿಲ್ಲ, ವೈರವನ್ನು ತೊರೆದವನಿಗೆ ನಿಂದೆಯಿಂದಲೂ ಏನೂ ಇಲ್ಲ. ಆದರೂ ಆ ಗುಣಗಳ ಸ್ಮರಣೆಯು ನಮ್ಮ ಚಿತ್ತದ ಪಾಪಮಲವನ್ನು ತೊಳೆಯುತ್ತದೆ ಎನ್ನುತ್ತಾರೆ. ನಮಿನಾಥರ ಸ್ತವನದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸ್ತುತ್ಯನು ಎದುರಿಗೆ ಇರಲಿ ಇಲ್ಲದಿರಲಿ, ಅವನಿಂದ ಫಲ ಬರಲಿ ಬಾರದಿರಲಿ, ಸ್ತುತಿಯು ಸ್ತುತಿಸುವ ಸಾಧುವಿನ ಶುಭಪರಿಣಾಮಕ್ಕೆ ಕಾರಣವಾಗುತ್ತದೆಂದು ನಿರ್ಣಯಿಸುತ್ತಾರೆ. ಸ್ತುತಿಯ ಪ್ರಯೋಜನವನ್ನು ಸ್ತುತಿಸುವವನ ಪರಿಣಾಮದಲ್ಲಿಯೇ ಇಟ್ಟು ನೋಡುವ ಈ ಸಿದ್ಧಾಂತವು ನನ್ನ 48 ದಿನಗಳ ಲೆಕ್ಕವನ್ನು ಪೂರ್ತಿಯಾಗಿ ಅಳಿಸಿಹಾಕಿತು.

ಇದು ನಮ್ಮ ಮತಕ್ಕೆ ಮಾತ್ರ ಸಂಬಂಧಿಸಿದ ಪ್ರಶ್ನೆಯೆಂದು ನಾನು ಬಹುಕಾಲ ತಿಳಿದಿದ್ದೆ. ಲೋಕಕರ್ತನಾದ ದೇವರನ್ನು ನಂಬುವವರಿಗೆ ಈ ತೊಡಕು ಎಲ್ಲಿಂದ ಬರಬೇಕು ಎನಿಸಿತ್ತು. ಆ ತಿಳಿವಳಿಕೆ ತಪ್ಪೆಂದು ತೋರಿಸಿದ್ದು ಮಧ್ಯಯುಗದ ಯೆಹೂದಿ ದಾರ್ಶನಿಕರ ಪ್ರಾರ್ಥನೆಗಳು. ಯೆಹೂದಿಗಳು ನಮಗೆ ತೀರ ಅಪರಿಚಿತರಲ್ಲ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಸಮಂತಭದ್ರರನ್ನು ಕೊಂಡಾಡುವ ಮಲ್ಲಿಷೇಣ ಪ್ರಶಸ್ತಿಯು ಕೆತ್ತಲ್ಪಟ್ಟದ್ದು ಕ್ರಿ.ಶ. 1129ರಲ್ಲಿ. ಅದಾದ ಮೂರು ವರ್ಷಕ್ಕೆ, 1132ರ ಹೊತ್ತಿಗೆ, ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನು ನಮ್ಮ ಮಂಗಳೂರಿನಲ್ಲಿ ನೆಲೆಸಿದ್ದನು. ಉತ್ತರ ಆಫ್ರಿಕದ ಮಹ್ದಿಯಾದಿಂದ ಏಡನ್ ಮಾರ್ಗವಾಗಿ ಬಂದ ಈತನು 1149ರವರೆಗೆ ಈ ಕರಾವಳಿಯಲ್ಲಿದ್ದು ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದನು. ಮೆಣಸು, ಅಡಕೆ, ಕಬ್ಬಿಣಗಳನ್ನು ಏಡನ್‌ಗೆ ಕಳುಹಿಸುತ್ತಿದ್ದನು. ಅವನ ಪತ್ರಗಳೂ ಲೆಕ್ಕಪತ್ರಗಳೂ ಕೈರೋದ ಹಳೆಯ ಸಿನಗಾಗಿನ ಕಾಗದರಾಶಿಯಲ್ಲಿ ಉಳಿದುಬಂದಿವೆ. ಈ ವರ್ತಕನು ಪ್ರಾರ್ಥನಾ ಪದ್ಯಗಳನ್ನೂ ರಚಿಸುತ್ತಿದ್ದನೆಂಬುದು ನನ್ನಂಥ ಅಡಕೆ ಕೊಬ್ಬರಿಯ ವ್ಯಾಪಾರಿಗೆ ಸಂತೋಷ ಕೊಡುವ ಸಂಗತಿ.

ಆ ಜನಾಂಗದಲ್ಲಿ ತತ್ತ್ವವಿಚಾರವನ್ನು ಪ್ರಾರ್ಥನೆಯಾಗಿ ಬರೆಯುವ ಸಂಪ್ರದಾಯ ಅದಾಗಲೇ ಬೆಳೆದಿತ್ತು. ಬಾಗ್ದಾದಿನಲ್ಲಿ ವಿದ್ಯಾಪೀಠದ ಮುಖ್ಯಸ್ಥನಾಗಿದ್ದ ಸಾದಿಯ ಗಾವೋನ್ (882–942) ತಾನು ಸಂಕಲಿಸಿದ ಪ್ರಾರ್ಥನಾಗ್ರಂಥದಲ್ಲಿ ಇಂಥ ಸ್ವಂತ ಪ್ರಾರ್ಥನೆಗಳನ್ನು ಸೇರಿಸಿದ್ದನು. ಆ ಸಂಪ್ರದಾಯದ ಶಿಖರವೆಂದರೆ ಹನ್ನೊಂದನೆಯ ಶತಮಾನದ ಸ್ಪೇನ್ ದೇಶದ ಕವಿ ಸೊಲೊಮನ್ ಇಬ್ನ್ ಗೇಬಿರೋಲ್ ಬರೆದ 'ಕೇತೆರ್ ಮಲ್ಖೂತ್', ಅಂದರೆ 'ರಾಜಕಿರೀಟ'. ಇದು ಹೀಬ್ರೂ ಭಾಷೆಯ ಪ್ರಾಸಬದ್ಧ ಗದ್ಯ, 40 ಖಂಡಗಳಿವೆ. ಮೊದಲ ಭಾಗದಲ್ಲಿ ದೇವರ ಏಕತ್ವ, ಅಸ್ತಿತ್ವ, ನಿತ್ಯತ್ವ ಮೊದಲಾದವುಗಳ ವಿಚಾರ. ಎರಡನೆಯದರಲ್ಲಿ ಭೂಮಿಯಿಂದ ತೊಡಗಿ ಚಂದ್ರ, ಬುಧ, ಶುಕ್ರ, ಸೂರ್ಯ ಎಂದು ಒಂದೊಂದೇ ಗೋಳವನ್ನು ಏರುತ್ತ ಬುದ್ಧಿಯ ಗೋಳದವರೆಗೆ ಸಾಗುವ ಲೋಕವರ್ಣನೆ. ಮೂರನೆಯದರಲ್ಲಿ ಕವಿಯು ಆ ಎತ್ತರದಿಂದ ಒಮ್ಮೆಗೇ ತನ್ನೊಳಗೆ ಇಳಿದು ತನ್ನ ದೋಷಗಳನ್ನು ನಿವೇದಿಸಿಕೊಳ್ಳುತ್ತಾನೆ. ಲೋಕಾನುಪ್ರೇಕ್ಷೆಯಿಂದ ಪ್ರತಿಕ್ರಮಣಕ್ಕೆ ಬಂದಂತೆ ನಮಗೆ ಭಾಸವಾಗುತ್ತದೆ.

ಅದೇ ಶತಮಾನದ ಬಹ್ಯಾ ಇಬ್ನ್ ಪಕೂದನು ಸಾರಗೋಸಾ ನಗರದಲ್ಲಿ ಧರ್ಮನ್ಯಾಯಾಧೀಶನಾಗಿದ್ದವನು. ಅವನ ಅರಬ್ಬಿ ಗ್ರಂಥದ ಹೆಸರು 'ಹೃದಯದ ಕರ್ತವ್ಯಗಳು'. ಅವಯವಗಳಿಂದ ಮಾಡುವ ಕರ್ತವ್ಯ ಬೇರೆ, ಹೃದಯದಿಂದ ಮಾಡುವುದು ಬೇರೆ ಎಂದು ಅವನು ವಿಭಾಗಿಸುತ್ತಾನೆ. ದ್ರವ್ಯಪೂಜೆ ಭಾವಪೂಜೆಗಳ ಭೇದವನ್ನು ಬಲ್ಲ ನಮಗೆ ಇದು ಹೊಸದಲ್ಲ. ಮನಸ್ಸು ಬೇರೆಡೆ ಇರುವಾಗ ನಾಲಗೆ ಮಾಡುವ ಪ್ರಾರ್ಥನೆಯನ್ನು ಅವನು ತಿರುಳಿಲ್ಲದ ಸಿಪ್ಪೆಗೆ ಹೋಲಿಸಿದ್ದಾನೆ. ಶೇಂಗಾ ಕೊಳ್ಳುವವರು ಕೈಯಲ್ಲಿ ಕಾಯಿಯನ್ನು ಅಲುಗಾಡಿಸಿ ನೋಡುವುದನ್ನು ಬಲ್ಲ ನಮ್ಮ ಚಳ್ಳಕೆರೆ, ಹಿರಿಯೂರಿನ ಬಂಧುಗಳಿಗೆ ಈ ಹೋಲಿಕೆಯನ್ನು ವಿವರಿಸಬೇಕಾಗಿಲ್ಲ. ತನ್ನ ಗ್ರಂಥದ ಕೊನೆಯಲ್ಲಿ ಅವನು ಆತ್ಮವನ್ನು ಎದುರಿಗೆ ನಿಲ್ಲಿಸಿಕೊಂಡು ಗದರಿಸುವ ಒಂದು ಪಾಠವನ್ನೂ ಒಂದು ಪ್ರಾರ್ಥನೆಯನ್ನೂ ಸೇರಿಸಿದ್ದಾನೆ.

ಸಮಂತಭದ್ರರಿಗೆ ಅತ್ಯಂತ ಹತ್ತಿರ ಬರುವವನು ಮೋಶೆ ಬೆನ್ ಮೈಮೋನ್. ಮೈಮೊನೈಡಿಸ್ (1138–1204) ಎಂದು ಪ್ರಸಿದ್ಧನು. ಅವನು ತನ್ನ 'ದಿಗ್ಭ್ರಾಂತರ ಮಾರ್ಗದರ್ಶಿ' ಎಂಬ ಗ್ರಂಥದಲ್ಲಿ ತಮ್ಮ ಹಳೆಯ ಶಾಸ್ತ್ರದ ಒಂದು ಕಥೆಯನ್ನು ಎತ್ತಿಕೊಳ್ಳುತ್ತಾನೆ. ಒಬ್ಬನು ಪ್ರಾರ್ಥನೆಯಲ್ಲಿ ದೇವರಿಗೆ ವಿಶೇಷಣದ ಮೇಲೆ ವಿಶೇಷಣ ಪೇರಿಸುತ್ತಿದ್ದನು. ರಬ್ಬಿ ಹನೀನನು ಅವನು ಮುಗಿಸುವವರೆಗೆ ಕಾದು, ನಿನ್ನ ಪ್ರಭುವಿನ ಗುಣವೆಲ್ಲ ಮುಗಿಯಿತೇ ಎಂದು ಕೇಳಿದನು. ಲಕ್ಷಾಂತರ ಚಿನ್ನದ ನಾಣ್ಯಗಳ ಒಡೆಯನಾದ ರಾಜನನ್ನು ಬೆಳ್ಳಿಯ ನಾಣ್ಯಗಳಿಗಾಗಿ ಹೊಗಳಿದರೆ ಅದು ಅವಮಾನವಲ್ಲವೇ ಎಂದನು. ಮೈಮೊನೈಡಿಸನ ಸೂಕ್ಷ್ಮ ದೃಷ್ಟಿ ಇಲ್ಲಿದೆ: ಕಥೆಯು ಹೇಳುವುದು ಚಿನ್ನದ ಸಂಖ್ಯೆ ಕಡಮೆಯಾಯಿತೆಂದಲ್ಲ, ಲೋಹವೇ ಬೇರೆಯಾಯಿತೆಂದು. ನಾವು ಬಲ್ಲ ಗುಣಗಳನ್ನು ಎಷ್ಟು ಹಿಗ್ಗಿಸಿದರೂ ಅವು ದೇವರ ಜಾತಿಗೆ ಸೇರುವುದಿಲ್ಲ. ಹೊಗಳಿಕೆಯನ್ನು ಪೋಣಿಸುವ ಕವಿಗಳನ್ನೂ ಪ್ರವಚನಕಾರರನ್ನೂ ಅವನು ಕಟುವಾಗಿ ಖಂಡಿಸುತ್ತಾನೆ. ಅರನಾಥ ಸ್ತವನದ ಪ್ರಶ್ನೆಯೇ ಇದು. ಕೇಳಿದ ಭಾಷೆ ಮಾತ್ರ ಬೇರೆ.

ಆದರೆ ಹೋಲಿಕೆಯ ಉತ್ಸಾಹದಲ್ಲಿ ಭೇದವನ್ನು ಮರೆಯುವುದು ಅನೇಕಾಂತವಲ್ಲ, ಆಲಸ್ಯ. ಗೇಬಿರೋಲನ ದೇವರು ಕರ್ತನು, ನ್ಯಾಯಾಧಿಪತಿ, ಕ್ಷಮಿಸುವವನು. ಕವಿಯ ಕೊನೆಯ ಭಾಗವೆಲ್ಲ ಆ ಕ್ಷಮೆಯ ಕಡೆಗೆ ಹರಿಯುತ್ತದೆ. ಅವನು ದೇವರ ಕೋಪದಿಂದ ತಪ್ಪಿಸಿಕೊಳ್ಳಲು ದೇವರನ್ನೇ ಆಶ್ರಯಿಸುತ್ತಾನೆ. ನಮ್ಮ ಪ್ರತಿಕ್ರಮಣದಲ್ಲಿ ದೋಷನಿವೇದನೆಯುಂಟು, ದೋಷವನ್ನು ಮನ್ನಿಸುವ ಸ್ವಾಮಿ ಇಲ್ಲ. ಅನ್ಯದೇವತೆಗಳನ್ನು ಪೂಜಿಸುವವರೂ ಅರಿಯದೆ ತನ್ನ ದೇವರನ್ನೇ ಅರಸುತ್ತಿದ್ದಾರೆ, ದಾರಿ ತಪ್ಪಿದ್ದಾರೆ ಅಷ್ಟೆ ಎಂದು ಗೇಬಿರೋಲನು ಹೇಳುವಲ್ಲಿ ಔದಾರ್ಯವಿದೆ. ಆದರೆ ಅದು ಎಲ್ಲ ದಾರಿಗಳನ್ನೂ ತನ್ನ ದಾರಿಯಿಂದಲೇ ಅಳೆಯುವ ಔದಾರ್ಯ. ದೇವಾಗಮವು ಒಂದೊಂದು ಏಕಾಂತವಾದವನ್ನೂ ಎದುರಿಗೆ ಕರೆದು, ವಾದಿಸಿ, ಅದರ ಸತ್ಯಾಂಶಕ್ಕೆ ಸ್ಥಾನ ಕೊಡುವ ಕ್ರಮವೇ ಬೇರೆ. ಇನ್ನು ಅವನ ಗೋಳಗಳ ಖಗೋಳಶಾಸ್ತ್ರವು ಇಂದು ನಿಲ್ಲುವುದಿಲ್ಲ. ನಮ್ಮ ಲೋಕವರ್ಣನೆಯ ವಿಷಯದಲ್ಲಿಯೂ ಅದೇ ಪ್ರಾಮಾಣಿಕತೆ ನಮಗಿರಬೇಕು.

ಭೇದವನ್ನು ಹೇಳಿದ ಮೇಲೆ ನಮ್ಮ ಕೊರತೆಯನ್ನೂ ಹೇಳಬೇಕು. ಗೇಬಿರೋಲನು ಅರಬ್ಬಿಯಲ್ಲಿ ಬರೆದ ತತ್ತ್ವಗ್ರಂಥವು ಲ್ಯಾಟಿನ್ ಅನುವಾದದಲ್ಲಿ ಉಳಿದು, ಬೇರೆ ಹೆಸರಿನ ಯಾರೋ ಪಂಡಿತನದೆಂದು ಶತಮಾನಗಳ ಕಾಲ ಭಾವಿಸಲ್ಪಟ್ಟಿತ್ತು. ಅದರ ಕರ್ತನು ಇವನೇ ಎಂದು ವಿದ್ವಾಂಸರು ತೋರಿಸಿಕೊಟ್ಟದ್ದು 1846ರಲ್ಲಿ. ಅಷ್ಟು ಕಾಲವೂ ಅವನ ಹೆಸರನ್ನು ಸ್ವಜನರ ಬಾಯಲ್ಲಿ ಉಳಿಸಿದ್ದು ಅವನ ಪ್ರಾರ್ಥನೆಗಳೇ. ಅವರ ಮಹಾಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪುರ್‌ನ ಪ್ರಾರ್ಥನಾಪುಸ್ತಕಗಳಲ್ಲಿ 'ರಾಜಕಿರೀಟ' ಸೇರಿಕೊಂಡಿತು. ಅಂಗಡಿಯವನೂ ಅದನ್ನು ಕೈಯಲ್ಲಿ ಹಿಡಿದನು. ನಮ್ಮ ದೇವಾಗಮವಾದರೋ ವ್ಯಾಖ್ಯಾನಗಳ ಮೇಲೆ ವ್ಯಾಖ್ಯಾನ ಪಡೆದು ಪಂಡಿತರ ಕಪಾಟಿಗೆ ಹೋಯಿತು. ನಾನು ಕಂಡ ಮನೆಗಳ ಸ್ತೋತ್ರಪುಸ್ತಕಗಳಲ್ಲಿ ಅದಿಲ್ಲ. ಇದಕ್ಕೆ ಆಚಾರ್ಯರ ಶೈಲಿಯೂ ಸ್ವಲ್ಪ ಕಾರಣವೆಂದು ವಿನಯದಿಂದ ಹೇಳಬೇಕಾಗಿದೆ. ಸ್ತುತಿವಿದ್ಯೆಯ ಚಿತ್ರಬಂಧಗಳು, ಯಮಕಗಳು ಬುದ್ಧಿಯನ್ನು ಬೆರಗುಗೊಳಿಸುತ್ತವೆ. ಸಾಮಾನ್ಯ ಶ್ರಾವಕನಿಗೆ ಬಾಗಿಲನ್ನೂ ಮುಚ್ಚುತ್ತವೆ.

ಇನ್ನೊಂದು ಕಾರಣವು ನಮ್ಮದೇ. ಸಮಂತಭದ್ರರೆಂದೊಡನೆ ನಮ್ಮಲ್ಲಿ ಹೇಳುವುದು ಅವರ ಭಸ್ಮಕವ್ಯಾಧಿಯ ಕಥೆ, ಸ್ತೋತ್ರ ಪಠಿಸಿದಾಗ ಚಂದ್ರಪ್ರಭರ ಬಿಂಬವು ಪ್ರಕಟವಾದ ಕಥೆ. 1129ರ ಆ ಶಾಸನದಲ್ಲಿಯೇ ಇದರ ಸೂಚನೆಯಿದೆ. ಮಾನತುಂಗರ ಭಕ್ತಾಮರಕ್ಕೆ ಸಂಕೋಲೆಗಳು ಕಳಚಿದ ಕಥೆ ಅಂಟಿಕೊಂಡಂತೆಯೇ ಇದೂ. ಈ ಕಥೆಗಳಿಗೆ ಅವುಗಳದೇ ಆದ ಸ್ವಾರಸ್ಯವಿದೆ. ಬಾಲ್ಯದಲ್ಲಿ ನಮ್ಮನ್ನು ಬಸದಿಗೆ ಕರೆತಂದವು ಅವೇ. ಆದರೆ ಅದ್ಭುತಗಳಿಂದ ನೀನು ಮಹಾನ್ ಅಲ್ಲ ಎಂದು ಜಿನೇಂದ್ರನಿಗೇ ಹೇಳಿದ ಆಚಾರ್ಯರನ್ನು ನಾವು ಅದ್ಭುತದಿಂದಲೇ ಅಳೆಯುತ್ತಿದ್ದೇವಲ್ಲ! ಅವರ ಮೊದಲ ಪದ್ಯವನ್ನು ನಾವು ಇನ್ನೂ ಓದಿಲ್ಲವೆಂದೇ ಇದರ ಅರ್ಥ.

ಫಲವನ್ನು ಹೊರಗೆ ಹುಡುಕುವ ಅಭ್ಯಾಸವು ಎಷ್ಟು ಗಟ್ಟಿಯಾದದ್ದೆಂಬುದಕ್ಕೆ ಜಿಲ್ಲೆಯದೇ ಒಂದು ಉದಾಹರಣೆಯುಂಟು. ಮಾರಿಕಣಿವೆಯ ವಾಣಿವಿಲಾಸ ಸಾಗರವು 1933ರ ನಂತರ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ಮೇಲೆ. ಆ ದಿನಗಳಲ್ಲಿ ಹಿರಿಯೂರು, ಹೊಸದುರ್ಗಗಳ ಅಂಗಡಿಕಟ್ಟೆಗಳಲ್ಲಿ ಕುಳಿತು ಕೇಳಿದ್ದೇನೆ. ಇದು ತಮ್ಮ ಪೂಜೆಯ ಫಲವೆಂದು ಹೇಳದವರೇ ಕಡಮೆ. ನೀರು ತುಂಬಿದ್ದು ವೇದಾವತಿಯ ಪಾತ್ರದಲ್ಲಿ ಸುರಿದ ಮಳೆಯಿಂದ ಮತ್ತು ಭದ್ರೆಯಿಂದ ಹರಿದುಬಂದ ನೀರಿನಿಂದ. ಕಾರಣವಿಲ್ಲದೆ ಕಾರ್ಯವಿಲ್ಲವೆಂಬುದನ್ನು ನಮ್ಮಷ್ಟು ಸ್ಪಷ್ಟವಾಗಿ ಸಾರಿದ ದರ್ಶನ ಯಾವುದು? ಪೂಜೆಗೆ ಸಲ್ಲುವ ಫಲವೊಂದಿದೆ: ತುಂಬಿದ ನೀರನ್ನು ಹಂಚಿಕೊಳ್ಳುವ ಮನಸ್ಸು. ಅದನ್ನು ಯಾವ ಕಟ್ಟೆಯಲ್ಲಿಯೂ ಯಾರೂ ತಮ್ಮದೆಂದು ಹೇಳಿಕೊಳ್ಳುವುದನ್ನು ನಾನು ಕೇಳಲಿಲ್ಲ.

ಇಲ್ಲಿ ಓದುಗರು ಒಂದು ಆಕ್ಷೇಪವನ್ನು ಎತ್ತಬಹುದು. ಮಗುವಿಗೆ ಜ್ವರ ಬಂದಾಗ ತಾಯಿಯು ಪಾರ್ಶ್ವನಾಥರ ಮುಂದೆ ಕಣ್ಣೀರಿಡುತ್ತಾಳೆ. ಅವಳಿಗೆ ದೇವಾಗಮದ ತರ್ಕವನ್ನು ಹೇಳುವುದು ನಿರ್ದಯೆಯಲ್ಲವೇ? ನಿಜ, ನಿರ್ದಯೆಯೇ. ಅವಳಿಗೆ ಆ ಹೊತ್ತಿನಲ್ಲಿ ಯಾರೂ ಏನನ್ನೂ ಹೇಳಬಾರದು. ಅವಳ ಕಣ್ಣೀರಿನಲ್ಲಿಯೂ ಚಿತ್ತವು ಶಾಂತಮೂರ್ತಿಯ ಕಡೆಗೆ ತಿರುಗಿದೆ, ಅಷ್ಟು ಶುಭೋಪಯೋಗವೇ. ನನ್ನ ಆಕ್ಷೇಪವು ಅವಳ ಮೇಲಲ್ಲ. ಅವಳ ಕಣ್ಣೀರಿಗೆ ಇಷ್ಟು ದಿನ, ಇಷ್ಟು ಕಾಣಿಕೆ, ಇಂಥ ಫಲ ಎಂದು ಪಟ್ಟಿ ಬರೆಯುವ ನಮ್ಮ ಮೇಲೆ. ಯಾಚನೆಯಲ್ಲಿಯೂ ತಾರತಮ್ಯವುಂಟು. ಗೇಬಿರೋಲನಿಗಿಂತ ಸ್ವಲ್ಪ ಹಿಂದಿನವರಾದ ಅಮಿತಗತಿ ಆಚಾರ್ಯರು ತಮ್ಮ ದ್ವಾತ್ರಿಂಶತಿಕೆಯ ಆರಂಭದಲ್ಲಿ ಬೇಡುತ್ತಾರೆ. ಬೇಡುವುದು ಏನನ್ನು? ಎಲ್ಲ ಜೀವಿಗಳಲ್ಲಿ ಮೈತ್ರಿ, ಗುಣವಂತರಲ್ಲಿ ಪ್ರಮೋದ, ದುಃಖಿಗಳಲ್ಲಿ ಕರುಣೆ, ವಿಪರೀತರಲ್ಲಿ ಮಾಧ್ಯಸ್ಥ್ಯ. ಇವನ್ನು ಹೊರಗಿನಿಂದ ಯಾರೂ ಕೊಡಲಾರರು. ಬೇಡುವುದರಲ್ಲಿಯೇ ಅವುಗಳ ಹುಟ್ಟು. ಅದೇ ಕೃತಿಯಲ್ಲಿ ಮುಂದೆ ಅವರು, ಪರರು ಕೊಟ್ಟದ್ದನ್ನು ಅನುಭವಿಸುವುದಾದರೆ ತಾನು ಮಾಡಿದ ಕರ್ಮವೇ ವ್ಯರ್ಥವಾಗುವುದಲ್ಲವೇ ಎಂಬ ಅರ್ಥದ ಮಾತನ್ನೂ ಹೇಳುತ್ತಾರೆ. ನಾನೂ ನನ್ನ ಪ್ರತಿವಾದಿಯೂ 48 ದಿನ ಈ ಮಾಧ್ಯಸ್ಥ್ಯವನ್ನು ಬೇಡಿದ್ದರೆ ರಾಜಿಯು ನ್ಯಾಯಾಲಯಕ್ಕೆ ಹೋಗುವ ಮೊದಲೇ ಆಗುತ್ತಿತ್ತು.

ಆದುದರಿಂದ ನಮ್ಮ ಬಸದಿಗಳ ಆಡಳಿತ ಮಂಡಳಿಗಳಲ್ಲಿ ನನ್ನದೊಂದು ವಿನಂತಿ. ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ದಿನಕ್ಕೆರಡು ಮೂರು ತೀರ್ಥಂಕರರ ಸ್ತವನದಂತೆ ಸ್ವಯಂಭೂಸ್ತೋತ್ರವನ್ನು ಓದಿಸಿದರೆ ಇಪ್ಪತ್ತನಾಲ್ಕೂ ಮುಗಿಯುತ್ತವೆ. ಪ್ರತಿಪದ್ಯಕ್ಕೂ ಕನ್ನಡದ ಸರಳ ಅರ್ಥವನ್ನು ಹೇಳಿಸಬೇಕು. ಅರ್ಥದ ನಂತರ ಮಕ್ಕಳಿಗೆ ಪ್ರಶ್ನೆ ಕೇಳಲು ಅವಕಾಶವಿರಬೇಕು. ಪ್ರಶ್ನೆಯಿಂದ ಬಸದಿಗೆ ಮೈಲಿಗೆಯಾಗುವುದಿಲ್ಲ. ದೇವಾಗಮವು ಪ್ರಶ್ನೆಯಿಂದಲೇ ಆರಂಭವಾದ ಸ್ತೋತ್ರ. ಉಚಿತವಾಗಿ ಹಂಚುವ ಪುಸ್ತಿಕೆಗಳಲ್ಲಿ ಪ್ರತಿಪದ್ಯದ ಕೆಳಗೆ ರೋಗನಿವಾರಣೆ, ಧನಪ್ರಾಪ್ತಿ ಎಂದು ಅಚ್ಚು ಹಾಕಿಸುವ ಜಾಗದಲ್ಲಿ ಆ ಪದ್ಯದ ಅರ್ಥವನ್ನು ಅಚ್ಚು ಹಾಕಿಸಿದರೆ ಖರ್ಚು ಅಷ್ಟೇ ಆಗುತ್ತದೆ.

ಕಳೆದ ಚಾತುರ್ಮಾಸದಲ್ಲಿ ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿಗೆ ಮೊಮ್ಮಗನೊಡನೆ ಹೋಗಿದ್ದೆ. ಜನಸಂದಣಿ ಇರಲಿಲ್ಲ. ನಾನು ಕಣ್ಣು ಮುಚ್ಚಿ ನಿಂತದ್ದನ್ನು ನೋಡಿ, ತಾತ, ಏನು ಕೇಳಿಕೊಂಡೆ ಎಂದು ಹುಡುಗನು ಕೇಳಿದನು. ಏನೂ ಕೇಳಲಿಲ್ಲ ಎಂದೆ. ಹಾಗಾದರೆ ಅಷ್ಟು ಹೊತ್ತು ಏನು ಮಾಡಿದೆ ಎಂದನು. ಹಿಂದಿನ ವಾರ ಒಬ್ಬ ರೈತನ ಕೊಬ್ಬರಿಯ ತೂಕದಲ್ಲಿ ನನ್ನ ಅಂಗಡಿಯಿಂದ ಆದ ತಪ್ಪೊಂದು ಆ ನಿಂತ ಹೊತ್ತಿನಲ್ಲಿ ನನಗೆ ನೆನಪಾಗಿತ್ತು. ಅದನ್ನು ಅವನಿಗೆ ಹೇಳಿದೆನು. ಊರಿಗೆ ಮರಳುವ ದಾರಿಯಲ್ಲಿ ಆ ರೈತನ ಮನೆಗೆ ಹೋಗಿ ಲೆಕ್ಕ ಸರಿಮಾಡಿ ಬಂದೆವು.